ಯಾವ ಎಳೆ ಯಾರದು?

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹೊತ್ತು ನಿಂತು ನೋಡಿದವರಿಗೆ ಗೊತ್ತು, ರಾಶಿ ರಾಶಿ ಗೂಡು, ಎಲ್ಲವೂ ಒಂದೇ ಥರ. ಯಾವುದು ಚಿಂತಾಮಣಿ ಕಡೆಯ ರೈತನದು, ಯಾವುದು ಪಕ್ಕದ ಹಳ್ಳಿಯವನದು ಎಂದು ಬರಿಗಣ್ಣಿಗೆ ಹೇಳಲಾಗದು. ಅದಕ್ಕೇ ಪ್ರತಿ ರಾಶಿಗೂ ಒಂದು ಲಾಟ್ ನಂಬರು. ಮೊಬೈಲಿನಲ್ಲೇ ಬೆಲೆ ಹಾಕುವ ಇ-ಹರಾಜು ಬಂದ ಮೇಲೂ ನಂಬರಿನ ಮಹತ್ವ ಕಡಿಮೆಯಾಗಿಲ್ಲ. ನಂಬರು ತಪ್ಪಿದರೆ ಒಬ್ಬನ ಬೆವರಿಗೆ ಇನ್ನೊಬ್ಬನ ಕೈಗೆ ದುಡ್ಡು.

ಇಂಥ ಊರಿನ ರೀಲರ್ ಮನೆಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಲು ಹೋದ. ಅಲ್ಲಿನ ಲ್ಯಾಬಿನಲ್ಲಿ ಒಂದೇ ದೊಡ್ಡ ಲಿನಕ್ಸ್ ಕಂಪ್ಯೂಟರು. ಹತ್ತಾರು ವಿದ್ಯಾರ್ಥಿಗಳು ಏಕಕಾಲಕ್ಕೆ ಅದರಲ್ಲಿ ಕೆಲಸ ಮಾಡುತ್ತಿದ್ದರು. ಹೀಗೆ ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳುವ ಪದ್ಧತಿ ಹಳೆಯದು. ೧೯೬೯ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಯುನಿಕ್ಸ್ ರೂಪಿಸತೊಡಗಿದರು. ಅದರ ಮಾದರಿಯಲ್ಲೇ ೧೯೯೧ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಹೊರತಂದರು. ಯಂತ್ರದ ತಿರುಳಿಗೂ ಬಳಕೆದಾರನಿಗೂ ನಡುವೆ ನಿಂತು ಆಜ್ಞೆಗಳನ್ನು ತಲುಪಿಸುವ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರು. ಶೆಲ್ ಎಂದರೆ ಹೊರಚಿಪ್ಪು. ಹುಳುವಿನ ಸುತ್ತ ಗೂಡಿದ್ದಂತೆ ಎನ್ನಿ. ಹಲವು ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟು, ಒಂದಾದ ಮೇಲೊಂದು ನಡೆಸೆಂದು ಶೆಲ್‌ಗೆ ಒಪ್ಪಿಸಿದರೆ ಅದು ಶೆಲ್ ಸ್ಕ್ರಿಪ್ಟ್. ಆ ಲ್ಯಾಬಿನಲ್ಲಿದ್ದುದು ಬ್ಯಾಶ್ ಎಂಬ ಶೆಲ್.

ಹುಡುಗ ಚುರುಕು. ಎರಡನೆಯ ವರ್ಷಕ್ಕೇ ಲ್ಯಾಬಿನ ಮೇಷ್ಟ್ರು ಅವನನ್ನು ನಂಬಿ ರೂಟ್ ಪಾಸ್‌ವರ್ಡ್ ಕೊಟ್ಟಿದ್ದರು. ಸಾಮಾನ್ಯ ವಿದ್ಯಾರ್ಥಿ ತನ್ನ ಕೆಲಸವನ್ನಷ್ಟೇ ನಿಲ್ಲಿಸಬಲ್ಲ. ರೂಟ್ ಆದವನು ಯಾರ ಕೆಲಸವನ್ನಾದರೂ ನಿಲ್ಲಿಸಬಲ್ಲ. ಬೀಗದಕೈ ಗೊಂಚಲೇ ಕೈಗೆ ಬಂದಂತೆ.

ಒಂದು ಸಂಜೆ ಯಂತ್ರ ತೆವಳತೊಡಗಿತು. ಒಂದಕ್ಷರ ಒತ್ತಿದರೆ ಪರದೆಯ ಮೇಲೆ ಮೂಡಲು ಎಷ್ಟೋ ಹೊತ್ತು. ಯಾರೋ ಬರೆದ ಸ್ಕ್ರಿಪ್ಟ್ ಕೊನೆಯಿಲ್ಲದೆ ಸುತ್ತುತ್ತಿದೆ ಎಂದು ಹುಡುಗ ಊಹಿಸಿದ. ಊಹೆ ಸರಿಯೇ. ಜೂನಿಯರ್ ಒಬ್ಬ ತನ್ನ ಸ್ಕ್ರಿಪ್ಟ್ ಶುರುವೇ ಆಗಿಲ್ಲವೆಂದು ತಿಳಿದು ಅದನ್ನು ಮತ್ತೆ ಮತ್ತೆ ಹಿನ್ನೆಲೆಯಲ್ಲಿ ಓಡಿಸಿ ಮನೆಗೆ ಹೋಗಿದ್ದ. ಹುಡುಗ ಪಿಎಸ್ ಆಜ್ಞೆ ಕೊಟ್ಟು ಪಟ್ಟಿ ತರಿಸಿದ. ಪಟ್ಟಿಯಲ್ಲಿ ಬ್ಯಾಶ್, ಬ್ಯಾಶ್, ಬ್ಯಾಶ್! ಸ್ಕ್ರಿಪ್ಟಿನ ಹೆಸರೇ ಇಲ್ಲ. ಅದನ್ನು ಓದಿ ನಡೆಸುತ್ತಿರುವವನು ಬ್ಯಾಶ್ ತಾನೇ? ಗಿಡ್ಡ ಪಟ್ಟಿಯಲ್ಲಿ ಅವನ ಹೆಸರೇ ಬರುತ್ತದೆ. ಸುತ್ತ ಗೆಳೆಯರು ಅವಸರಪಡಿಸುತ್ತಿದ್ದರು. ಹುಡುಗ ‘ಕಿಲ್‌ಆಲ್ ಬ್ಯಾಶ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದ. ಯಂತ್ರ ಹಗುರಾಯಿತು. ಎಲ್ಲರೂ ಬೆನ್ನು ತಟ್ಟಿದರು.

ಅನಾಹುತ ಆಗ ಯಾರಿಗೂ ಕಾಣಲಿಲ್ಲ. ಕಿಲ್‌ಆಲ್ ಸಾಮಾನ್ಯವಾಗಿ ಕಳಿಸುವುದು ‘ದಯವಿಟ್ಟು ನಿಲ್ಲಿಸು’ ಎಂಬಂಥ ೧೫ನೇ ನಂಬರಿನ ಸೂಚನೆ. ಮನುಷ್ಯರ ಎದುರು ಆಜ್ಞೆಗಾಗಿ ಕಾದು ಕೂತ ಬ್ಯಾಶ್ ಇದಕ್ಕೆ ಕಿವಿಗೊಡುವುದಿಲ್ಲ. ಹಾಗಾಗಿ ಕುಳಿತವರ ಕೆಲಸವೆಲ್ಲ ಹಾಗೇ ಇತ್ತು. ನೆಲಕಚ್ಚಿದ್ದು ಬ್ಯಾಶ್ ಓದಿಸುತ್ತಿದ್ದ ಸ್ಕ್ರಿಪ್ಟುಗಳು, ತಪ್ಪು ಮಾಡಿದವು ಮಾಡದವು ಎರಡೂ.

ಮಾರನೆಯ ಬೆಳಿಗ್ಗೆ ಅಂತಿಮ ವರ್ಷದ ಹುಡುಗಿಯೊಬ್ಬಳು ಬಂದು ಪರದೆ ನೋಡಿ ಕುಸಿದು ಕುಳಿತಳು. ಎರಡು ದಿನದಿಂದ ಒಂದರ ಹಿಂದೊಂದು ಲೆಕ್ಕ ಓಡಿಸುತ್ತಿದ್ದ ಅವಳ ಸ್ಕ್ರಿಪ್ಟ್ ನಡುದಾರಿಯಲ್ಲಿ ನಿಂತಿತ್ತು. ಮಧ್ಯಾಹ್ನ ಪ್ರಾಜೆಕ್ಟ್ ಒಪ್ಪಿಸಬೇಕು. ‘ರಾತ್ರಿ ಕರೆಂಟ್ ಹೋಗಿತ್ತೇನೋ’ ಎಂದಳು. ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಹುಡುಗನ ಬಾಯಿ ಒಣಗಿತು. ಆದರೂ ಹೇಳಿದ: ‘ಅಕ್ಕಾ, ಕರೆಂಟ್ ಹೋಗಿರಲಿಲ್ಲ. ನಿಲ್ಲಿಸಿದ್ದು ನಾನು.’ ಆಮೇಲೆ ಅವಳ ಜೊತೆಗೇ ಮೇಷ್ಟ್ರ ಬಳಿ ಹೋಗಿ ಅದನ್ನೇ ಹೇಳಿದ. ಹುಡುಗಿಗೆ ಮೂರು ದಿನದ ಗಡುವು ಸಿಕ್ಕಿತು. ಪಾಸ್‌ವರ್ಡ್ ಅವತ್ತೇ ಬದಲಾಯಿತು.

ಆ ಭಾನುವಾರ ಊರಿಗೆ ಬಂದವನು ಅಪ್ಪನ ಮುಂದೆ ಎಲ್ಲ ಹೇಳಿಕೊಂಡ. ಅಪ್ಪನಿಗೆ ಕಂಪ್ಯೂಟರ್ ಗೊತ್ತಿಲ್ಲ, ಗೂಡು ಗೊತ್ತು. ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದವು. ಎಂಟು ಹತ್ತು ಗೂಡಿನ ಎಳೆ ಸೇರಿ ಒಂದು ನೂಲಾಗುತ್ತಿತ್ತು. ‘ಯಾವ ಗೂಡು ಸಿಕ್ಕಾಗೈತೆ ಅಂತ ನೋಡ್ದೇನೇ ಎಲ್ಲಾನೂ ಕಿತ್ತಾಕಿದ್ಯೇನಪ್ಪಾ?’ ಎಂದಷ್ಟೇ ಕೇಳಿ, ಮುಗಿದ ಒಂದು ಗೂಡನ್ನು ಮಾತ್ರ ಹೊರತೆಗೆದು ಹೊಸ ಎಳೆ ಕೂಡಿಸಿದರು.

ಹುಡುಗ ಮತ್ತೆ ಓದಲು ಕೂತ. ಪಿಎಸ್ ಜೊತೆಗೆ ‘ಹೈಫನ್ ಇಎಫ್’ ಸೇರಿಸಿದರೆ ಉದ್ದ ಪಟ್ಟಿ ಬರುತ್ತದೆ: ಕೆಲಸ ಯಾರದು, ಅದರ ನಂಬರೇನು, ಅದನ್ನು ಹುಟ್ಟಿಸಿದ ತಾಯಿಯ ನಂಬರೇನು, ಶುರುವಾದದ್ದು ಎಂದು, ಯಂತ್ರದ ಸಮಯ ಎಷ್ಟು ತಿಂದಿದೆ, ಮತ್ತು ಬ್ಯಾಶ್‌ನ ಪಕ್ಕದಲ್ಲೇ ಸ್ಕ್ರಿಪ್ಟಿನ ಹೆಸರು. ಲೆಕ್ಕ ಮುಗಿಯಲೆಂದು ಸುಮ್ಮನೆ ಕಾಯುವ ಸ್ಕ್ರಿಪ್ಟ್ ಹೆಚ್ಚು ಸಮಯ ತಿಂದಿರುವುದಿಲ್ಲ. ಹುಚ್ಚು ಸುತ್ತು ಸುತ್ತುವುದು ತಿಂದಿರುತ್ತದೆ. ಪಟ್ಟಿಯಲ್ಲಿ ಗ್ರೆಪ್ ಹಾಕಿ ಹೆಸರು ಹುಡುಕಿದರೆ ಒಂದು ತಮಾಷೆ: ಹುಡುಕುವ ಗ್ರೆಪ್ ಕೂಡ ಆ ಹೆಸರು ಹೊತ್ತಿರುವುದರಿಂದ ತಾನೂ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ. ಕಳ್ಳನ ಹಿಂದೆ ಓಡಿದವನೇ ಕಳ್ಳನಂತೆ ಕಂಡ ಹಾಗೆ!

ಸ್ಕ್ರಿಪ್ಟಿನೊಳಗೆ ಡಾಲರ್ ಚಿಹ್ನೆ ಎರಡು ಸಲ ಬರೆದರೆ ಅದರ ನಂಬರು ಸಿಗುತ್ತದೆ. ಅದನ್ನು ಒಂದು ಕಡತದಲ್ಲಿ ಬರೆದಿಡುವಂತೆ ಹುಡುಗ ರೂಢಿ ಮಾಡಿಕೊಂಡ. ಆದರೆ ಬರೆದಿಟ್ಟ ನಂಬರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕೆಲಸ ಮುಗಿದ ಮೇಲೆ ಅದೇ ನಂಬರು ಮುಂದೆಂದೋ ಬೇರೊಂದು ಕೆಲಸಕ್ಕೆ ಹೋಗಬಹುದು. ಇವತ್ತಿನ ಲಾಟ್ ನಂಬರು ಹಿಡಿದು ನಾಳೆ ಮಾರುಕಟ್ಟೆಗೆ ಹೋದರೆ ಸಿಗುವುದು ಇನ್ಯಾರದೋ ಗೂಡು. ನಂಬರು, ಹೆಸರು, ಒಡೆಯ, ಮೂರೂ ತಾಳೆಯಾದರೆ ಮಾತ್ರ ಕೈಹಾಕಬೇಕು.

ಆರು ತಿಂಗಳ ಮೇಲೆ ಲ್ಯಾಬಿನ ಮೇಷ್ಟ್ರು ಅವನನ್ನು ಕರೆದು ಒಂದು ಚೀಟಿ ಕೊಟ್ಟರು. ಹೊಸ ಪಾಸ್‌ವರ್ಡ್ ಇತ್ತು. ‘ತಪ್ಪು ಮಾಡದವನನ್ನು ಹುಡುಕುತ್ತಾ ಕೂತರೆ ನನಗೆ ಯಾರೂ ಸಿಗೋದಿಲ್ಲಪ್ಪ. ಒಪ್ಪಿಕೊಳ್ಳುವವನು ಸಿಕ್ಕಿದ್ದಾನೆ, ಅಷ್ಟು ಸಾಕು’ ಎಂದರು.