ಸಾಣೆಯಂತ್ರದ ಜೀರ್ಣೋದ್ಧಾರ

ಅನ್ಯ ಲೋಹಗಳನ್ನು ಸವೆಸುವುದನ್ನೇ ಕುಲಧರ್ಮವಾಗಿ ಉಳ್ಳ ಯಂತ್ರವೊಂದು ಕಾಲಕ್ರಮದಲ್ಲಿ ತಾನೂ ಸವೆದುಹೋಗುವುದರಲ್ಲಿ ವಿಧಿಯ ಪರಿಹಾಸವನ್ನು ಕಾಣುವವರು ಕಾಣಲಿ; ನನಗೆ ಅದರಲ್ಲಿ ಕಾಣುವುದು ರಜಾದಿನಗಳ ಸಮೃದ್ಧಿ ಮಾತ್ರ. ಬೆಂಗಳೂರಿನ ಗುಜರಿಯಿಂದ ಬಂದು ನನ್ನ ಶೆಡ್ಡಿನಲ್ಲಿ ನೆಲಸಿರುವ ಹಳೆಯ ಸರ್ಫೇಸ್ ಗ್ರೈಂಡರು, ಮೋಟಾರಿನಿಂದ ಸಾಣೆಚಕ್ರದವರೆಗೆ, ಕೈಗಾಲಿಯಿಂದ ಮೇಜಿನವರೆಗೆ, ಚಲನೆ ಹಾದುಹೋಗುವ ಸಂದುಸಂದಿನಲ್ಲಿಯೂ ಸಡಿಲಗೊಂಡಿದ್ದಿತು. ಆ ಸಡಿಲಗಳನ್ನು ಒಂದೊಂದಾಗಿ ಹುಡುಕಿ, ಕಾರಣವನ್ನು ವಿಚಾರಿಸಿ, ಬಿಗಿಗೆ ತರುವುದಕ್ಕಿಂತ ಮನಸ್ಸನ್ನು ತುಂಬುವ ವಿನೋದ ನನಗೆ ಬೇರೊಂದಿಲ್ಲ.

ಸವೆತಕ್ಕೂ ಒಂದು ನ್ಯಾಯವುಂಟು. 200 ಮಿಲಿಮೀಟರು ವ್ಯಾಸದ ಸಾಣೆಚಕ್ರ ನಿಮಿಷಕ್ಕೆ 2880 ಸುತ್ತು ಸುತ್ತುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 30 ಮೀಟರು, ಎಂದರೆ ಗಂಟೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಧಾವಿಸುತ್ತಿರುತ್ತದೆ. ಅದರಿಂದ ಸಿಡಿದ ಕಣಗಳು ಎಣ್ಣೆಯೊಡನೆ ಕೂಡಿ, ತೇದ ಗಂಧದಷ್ಟು ನುಣುಪಾದ ಲೇಪವಾಗಿ, ಮೇಜನ್ನು ಹೊತ್ತ ಸ್ಯಾಡಲನ್ನು ಹಿಂದಕ್ಕೂ ಮುಂದಕ್ಕೂ ನಡೆಸುವ ಸ್ಕ್ರೂವಿನ ಎಳೆಗಳ ನಡುವೆ ಸೇರಿಕೊಳ್ಳುತ್ತವೆ. ಸ್ಕ್ರೂ ಉಕ್ಕಿನದು, ಅದನ್ನು ಅಪ್ಪಿರುವ ನಟ್ಟು 88 ಪಾಲು ತಾಮ್ರ, 10 ಪಾಲು ತವರ, 2 ಪಾಲು ಸತು ಕೂಡಿದ ಗನ್‌ಮೆಟಲ್ಲೆಂಬ ಕಂಚಿನದು. ಮೃದುವಾದುದೇ ಮೊದಲು ಸವೆಯಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಕಣಗಳು ಕಂಚಿನ ಮೈಯಲ್ಲಿ ಹೂತು ಅಲ್ಲಿಯೇ ನೆಲೆನಿಂತು, ಎದುರಿನ ಉಕ್ಕನ್ನು ಅರದಂತೆ ಉಜ್ಜತೊಡಗುವುದರಿಂದ, ಎಷ್ಟೋ ವೇಳೆ ಕಠಿಣವಾದ ಉಕ್ಕೇ ಹೆಚ್ಚು ಕ್ಷಯಿಸಿರುತ್ತದೆ.

ಬಿಚ್ಚಿದ ಸ್ಕ್ರೂವನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿದರೆ ಯಂತ್ರದ ಪೂರ್ವಚರಿತ್ರೆ ಓದಸಿಗುತ್ತದೆ. ಎರಡು ತುದಿಗಳಲ್ಲಿ ಎಳೆಗಳ ನೆತ್ತಿ ಟರ್ನರು ಬಿಟ್ಟುಹೋದಂತೆಯೇ ಚಪ್ಪಟೆಯಾಗಿದೆ. ನಡುವಿನಲ್ಲಿ ಕತ್ತಿಯ ಅಲಗಿನಷ್ಟು ಕೃಶವಾಗಿದೆ. ಚಿಕ್ಕ ಕೆಲಸವನ್ನು ಮೇಜಿನ ಮಧ್ಯದಲ್ಲಿಯೇ ಇಡುವುದು ಎಲ್ಲ ಕೆಲಸಗಾರರ ವಾಡಿಕೆಯಾದುದರಿಂದ, ಯಾರೆಂದು ನಾನರಿಯದ ಎಷ್ಟೋ ಕೈಗಳು ಅದೇ ನಾಲ್ಕು ಬೆರಳಗಲದ ಹಾದಿಯನ್ನು ವರ್ಷಗಟ್ಟಲೆ ತುಳಿಸಿವೆ. ಇಂಥ ಸ್ಕ್ರೂವಿಗೆ ಹೊಸ ನಟ್ಟೊಂದನ್ನೇ ತೊಡಿಸಿದರೆ ಪ್ರಯೋಜನವಿಲ್ಲ. ನಡುವಿಗೆ ಒಪ್ಪುವುದು ತುದಿಯಲ್ಲಿ ಬಿಗಿದು ನಿಲ್ಲುತ್ತದೆ, ತುದಿಗೆ ಒಪ್ಪುವುದು ನಡುವಿನಲ್ಲಿ ತೊನೆಯುತ್ತದೆ. ಆದಕಾರಣ ಲೇತಿನಲ್ಲಿ ಸ್ಕ್ರೂವಿನ ಉದ್ದಕ್ಕೂ ಎಳೆಗಳನ್ನು, ಅತ್ಯಂತ ಸವೆದ ಎಳೆಯನ್ನೇ ಪ್ರಮಾಣವಾಗಿಟ್ಟುಕೊಂಡು, ಸಮನಾಗಿ ಮತ್ತೆ ಕತ್ತರಿಸಿ, ಅನಂತರ ಆ ಸ್ಕ್ರೂವಿಗೆಂದೇ ಹೊಸ ನಟ್ಟನ್ನು ಕೊರೆಯಬೇಕು. ಎಳೆ ಒಂದಿಷ್ಟು ತೆಳುವಾದೀತು, ಆದರೆ ತುದಿಯಿಂದ ತುದಿಗೆ ಏಕರೂಪವಾದೀತು. ನಟ್ಟಿನ ಒಳಗೆ ಕಣ್ಣು ಹೋಗುವಂತಿಲ್ಲ. ಕೂದಲೆಳೆಯಷ್ಟು ಕತ್ತರಿಸಿ, ಕಂಚಿನ ಪುಡಿಯನ್ನು ಊದಿ, ಸ್ಕ್ರೂವನ್ನು ಇಟ್ಟು ನೋಡಿ, ಒಲ್ಲೆನೆಂದರೆ ಮತ್ತೊಂದೆಳೆ ಕತ್ತರಿಸುತ್ತಿರುವಾಗ, ಒಮ್ಮೆ ಅದು ಬೆರಳುಗಳ ಬಲಕ್ಕೇ ಒಲಿದು, ಎಣ್ಣೆಯನ್ನು ಮುಂದೆ ನೂಕಿಕೊಂಡು ಒಳಸರಿಯುವ ಸುಖವನ್ನು ಬಲ್ಲವರೇ ಬಲ್ಲರು.

ಮೋಟಾರಿನ ಚಲನೆಯನ್ನು ಸಾಣೆಚಕ್ರಕ್ಕೆ ಒಯ್ಯುವ ಬೆಲ್ಟಿನ ಸಮಾಚಾರ ಬೇರೆ. ವಿ-ಬೆಲ್ಟು ಪುಲ್ಲಿಯನ್ನು ಹಿಡಿಯಬೇಕಾದುದು ತನ್ನ ಎರಡು ಪಕ್ಕಗಳಿಂದ. ತೋಡಿನ ಗೋಡೆಗಳು ಸವೆದು ಒಳಬಾಗಿದರೆ ಅದು ತಳಕ್ಕಿಳಿದು, ಹಿಡಿತ ತಪ್ಪಿ, ಜಾರುತ್ತದೆ. ಹೊಳಪೇರಿದ ತೋಡಿನ ತಳವೇ ಇದಕ್ಕೆ ಸಾಕ್ಷಿ. ತೋಡನ್ನು ಮತ್ತೆ ಹದಕ್ಕೆ ಕಡೆದು, ಎರಡು ಪುಲ್ಲಿಗಳನ್ನೂ ನೂಲು ಹಿಡಿದು ಒಂದೇ ನೇರಕ್ಕೆ ತಂದ ಬಳಿಕ, ಗ್ರೈಂಡಾದ ಲೋಹದ ಮೇಲೆ ಮೂಡುತ್ತಿದ್ದ ಅಲೆಗಳು ಬಹುಮಟ್ಟಿಗೆ ಅಡಗಿದುವು. ಶಾಫ್ಟನ್ನೂ ಪುಲ್ಲಿಯನ್ನೂ ಬೆಸೆಯುವ ಕೀ ಮಾತ್ರ ಇನ್ನೂ ತುಸು ಅಲುಗುತ್ತದೆ.

ಆದರೆ ಸಡಿಲವನ್ನು ಶೂನ್ಯಕ್ಕಿಳಿಸುವ ಹಟ ಕೂಡದು. ಎಣ್ಣೆಗೆ ಎಡೆಗೊಡದ ಜೋಡಣೆ ಕಚ್ಚಿಕೊಂಡುಬಿಡುತ್ತದೆ. ಮೊದಲು ಕಾಲುಸುತ್ತು ವ್ಯರ್ಥವಾಗಿ ತಿರುಗುತ್ತಿದ್ದ ಕೈಗಾಲಿ ಈಗ ಡಯಲಿನ ಎರಡು ಮೂರು ಗೀಟುಗಳೊಳಗೆ ಸ್ಯಾಡಲನ್ನು ಎಳೆಯುತ್ತದೆ, ಗೀಟೊಂದಕ್ಕೆ 0.02 ಮಿಲಿಮೀಟರು. ನನಗೆ ಅಷ್ಟು ಸಾಕು. ಇಷ್ಟೆಲ್ಲ ಶ್ರಮಪಟ್ಟು ಇದರಲ್ಲಿ ತಯಾರಿಸುವುದೇನೆಂದು ಲೋಕಾನುಭವಿಗಳಾದ ಮಿತ್ರರು ಕೇಳುವುದುಂಟು. ಸದ್ಯಕ್ಕೆ ಇದರಲ್ಲಿ ಇದರದೇ ಹೊಸ ಕೀಯನ್ನು ಅಳತೆಗೆ ತರುತ್ತಿದ್ದೇನೆ. ಹಳೆಯ ಕೀ, ಅಲುಗುತ್ತಲೇ, ತನ್ನ ಉತ್ತರಾಧಿಕಾರಿಗಾಗಿ ದುಡಿಯುತ್ತಿದೆ.