ಹಾಳೆಯ ವಿಮಾನ

ಪಿಎಚ್‌ಡಿಗೆ ಸೇರಿದ ಮೊದಲ ವರ್ಷ ಊರಿನ ಹೈಸ್ಕೂಲಿಗೆ ಹೋಗಿ, ವಿಮಾನ ಹೇಗೆ ಹಾರುತ್ತದೆ ಎಂದು ಮಕ್ಕಳಿಗೆ ಪಾಠ ಹೇಳಿದ್ದೆ. ಬೋರ್ಡಿನ ಮೇಲೆ ರೆಕ್ಕೆಯ ಚಿತ್ರ ಬರೆದು, ನಾನು ಓದಿಕೊಂಡು ಬಂದದ್ದನ್ನೇ ಒಪ್ಪಿಸಿದೆ. ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಮೇಲಿನ ಗಾಳಿಗೆ ದಾರಿ ದೂರ. ಕೆಳಗಿನ ಗಾಳಿಯ ಜೊತೆಗೇ ತುದಿ ಸೇರಬೇಕಾದ್ದರಿಂದ ಅದು ಜೋರಾಗಿ ಓಡುತ್ತದೆ. ವೇಗ ಹೆಚ್ಚಾದಲ್ಲಿ ಒತ್ತಡ ಕಡಿಮೆ, ಹಾಗಾಗಿ ರೆಕ್ಕೆ ಮೇಲೇಳುತ್ತದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಹಾಳೆ ಮಡಚಿ ಮಾಡಿದ ವಿಮಾನ ಎತ್ತಿ ಹಿಡಿದಳು. "ಮೇಡಂ, ಇದರ ರೆಕ್ಕೆ ಚಪ್ಪಟೆ. ಇದು ಹೇಗೆ ಹಾರುತ್ತೆ?"

"ಅದು ಬೇರೆ ವಿಷಯ" ಎಂದು ಮುಂದೆ ಹೋದೆ. ವಾಪಸು ಬರುವಾಗ ಬಸ್ಸಿನಲ್ಲಿ ಹೊಟ್ಟೆಯೊಳಗೆ ಏನೋ ಚುಚ್ಚತೊಡಗಿತು. ಅದು ಬೇರೆ ವಿಷಯವಾಗಿರಲಿಲ್ಲ.

ಎರಡೂ ಗಾಳಿ ಒಟ್ಟಿಗೇ ತುದಿ ಸೇರಬೇಕೆಂಬ ನಿಯಮ ಎಲ್ಲೂ ಇಲ್ಲ. ಕೇಂಬ್ರಿಡ್ಜ್‌ನ ಹೋಲ್ಗರ್ ಬಾಬಿನ್ಸ್ಕಿ ಗಾಳಿಸುರಂಗದಲ್ಲಿ ಹೊಗೆಯನ್ನು ಬಿಟ್ಟು ಬಿಟ್ಟು ಹರಿಸಿ ತೋರಿಸಿದ್ದಾರೆ: ಮೇಲಿನ ಹೊಗೆ ಕೆಳಗಿನದಕ್ಕಿಂತ ಮೊದಲೇ ತಲುಪಿಬಿಡುತ್ತದೆ. ಮೇಲೆ ವೇಗ ಹೆಚ್ಚು, ಒತ್ತಡ ಕಡಿಮೆ ಎನ್ನುವುದು ನಿಜ. ಅದಕ್ಕೆ ನಾನು ಕೊಟ್ಟ ಕಾರಣ ಮಾತ್ರ ಸುಳ್ಳು.

ತುಸು ಮೂತಿ ಎತ್ತಿದ ರೆಕ್ಕೆ ಎದುರಿನ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ನ್ಯೂಟನ್ನನ 3ನೇ ನಿಯಮದಂತೆ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಚಪ್ಪಟೆ ಹಾಳೆಗೂ ಇಷ್ಟು ಸಾಧ್ಯ. ಉಬ್ಬು ಆಕಾರ ಅದೇ ಕೆಲಸವನ್ನು ಕಡಿಮೆ ಎಳೆತದಲ್ಲಿ ಮಾಡುತ್ತದೆ. ಮೂತಿ ಅತಿಯಾಗಿ ಎತ್ತಿದರೆ, ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿ, ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಚದುರುತ್ತದೆ, ಎತ್ತುವ ಬಲ ಕುಸಿಯುತ್ತದೆ. ರೇಸ್ ಕಾರಿನ ಹಿಂದೆ ಇದೇ ರೆಕ್ಕೆಯನ್ನು ತಲೆಕೆಳಗಾಗಿ ಕೂರಿಸಿ ಚಕ್ರಗಳನ್ನು ನೆಲಕ್ಕೆ ಒತ್ತಿಸುತ್ತಾರೆ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದ ಅಲಗೂ ರೆಕ್ಕೆಯೇ.

ಇಷ್ಟೇಕೆ, ಅವತ್ತು ನನ್ನ ತಲೆಯ ಮೇಲೇ ಸೀಲಿಂಗ್ ಫ್ಯಾನ್ ತಿರುಗುತ್ತಿತ್ತು. ಹೆಚ್ಚುಕಡಿಮೆ ಚಪ್ಪಟೆಯಾದ, ಓರೆಯಾಗಿ ಕೂರಿಸಿದ ಮೂರು ಅಲಗುಗಳು ಗಾಳಿಯನ್ನು ಕೆಳಕ್ಕೆ ತಳ್ಳುತ್ತಿದ್ದವು. ಉತ್ತರದ ಕೆಳಗೇ ನಿಂತು ಪ್ರಶ್ನೆಯನ್ನು ತಳ್ಳಿಹಾಕಿದ್ದೆ. ನನಗೆ ಗೊತ್ತಿಲ್ಲ ಎಂದು ಹೇಳಲು ಪಿಎಚ್‌ಡಿ ಅಡ್ಡ ಬಂದಿತ್ತು.

ಮರುವರ್ಷ ಹೋದಾಗ ಅವಳು ಶಾಲೆ ಮುಗಿಸಿ ಹೋಗಿದ್ದಳು. ಬೋರ್ಡಿನ ಮೇಲೆ ಏನನ್ನೂ ಬರೆಯುವ ಮೊದಲು ಮಕ್ಕಳಿಗೆಲ್ಲ ಒಂದೊಂದು ಹಾಳೆ ಹಂಚಿದೆ.