ಗೋಡೆಯ ಮೇಲಿನ ಕೊಂಬು

ಹಜಾರದ ಗೋಡೆಗೆ ಸಾರಂಗದ ಕೊಂಬನ್ನು ಬಡಿದು ಬೇಟೆಗಾರರೆನಿಸಿಕೊಳ್ಳುವವರ ಕಾಲ ಹೋಯಿತು. ಜಿರಲೆಯನ್ನು ಕೊಲ್ಲಲೂ ಹಿಂಜರಿಯುವ ನನ್ನಂತಹವರಿಗೆ ಆ ಆಸೆ ಉಳಿದಿದ್ದರೆ, ಅದನ್ನು ತೀರಿಸುವ ಗಿಡವೊಂದಿದೆ. ಇಂಗ್ಲಿಷಿನಲ್ಲಿ ಸ್ಟ್ಯಾಗ್‌ಹಾರ್ನ್ ಫರ್ನ್ ಎನ್ನುತ್ತಾರೆ. ಸಾರಂಗಗೊಂಬಿನ ಜರೀಗಿಡ ಎಂದು ನಾವು ಕರೆಯಬಹುದು. ಶಾಸ್ತ್ರಜ್ಞರು ಇಟ್ಟ ಪ್ಲಾಟಿಸೀರಿಯಮ್ ಎಂಬ ಹೆಸರಿಗೂ ಗ್ರೀಕಿನಲ್ಲಿ ‘ಅಗಲವಾದ ಕೊಂಬು’ ಎಂದೇ ಅರ್ಥವಂತೆ.

ಲಾಲ್‌ಬಾಗಿನ ಆಗಸ್ಟ್ ತಿಂಗಳ ಪುಷ್ಪಪ್ರದರ್ಶನಕ್ಕೆ ಹೋದವನು, 1889ರ ಆ ಗಾಜಿನ ಮನೆಯಲ್ಲಿ ಜನರ ನಡುವೆ ಹೂಗಳನ್ನು ಅರಸಿ ದಣಿದು, ಹೊರಗೆ ಗಿಡ ಮಾರುವವನೊಬ್ಬನ ಮುಂದೆ ನಿಂತೆ. ಹಲಗೆಯೊಂದಕ್ಕೆ ಕಟ್ಟಿದ್ದ ಈ ವಿಚಿತ್ರ ಕಣ್ಣಿಗೆ ಬಿತ್ತು. ಈ ಕುಲದಲ್ಲಿ ಸುಮಾರು 18 ಜಾತಿಗಳಿವೆ. ನಮ್ಮ ದೇಶದಲ್ಲಿ ತಾನಾಗಿ ಬೆಳೆಯುವುದು ಒಂದೇ. ಅದೂ ಮಣಿಪುರದ ಕಡೆಯ ಕಾಡುಗಳಲ್ಲಿ, ಬಲು ಅಪರೂಪ. ನನಗೆ ದೊರೆತದ್ದು ಆಸ್ಟ್ರೇಲಿಯ ಮೂಲದ್ದು.

ಬಸವನಗುಡಿಯ ನಮ್ಮ ಹಳೆಯ ಮನೆಯಲ್ಲಿ ಅದಕ್ಕೆ ಸಿಕ್ಕ ಸ್ವಾಗತ ಅಷ್ಟಕ್ಕಷ್ಟೆ.

“ಏನ್ರೀ ಇದು, ಎಲೆಕೋಸನ್ನ ಹಲಗೆಗೆ ಕಟ್ಟಿ ತಂದಿದ್ದೀರಿ?” ಎಂದಳು ನನ್ನಾಕೆ.

“ಬಂದಳಿಕೆಯನ್ನ ಯಾರಾದರೂ ಮನೆಯೊಳಕ್ಕೆ ತರ್ತಾರೇನೋ?” ಎಂದರು ತಾಯಿಯವರು.

ಬಂದಳಿಕೆಯಲ್ಲಮ್ಮ, ಎಂದು ವಕಾಲತ್ತು ಹಿಡಿದೆ. ಬಂದಳಿಕೆ ಮರದ ರಸವನ್ನೇ ಹೀರುತ್ತದೆ. ಇದು ಮರದಿಂದ ಕೇಳುವುದು ಕೂರಲು ಜಾಗ ಮಾತ್ರ. ಮಲೆನಾಡಿನ ಸೀತಾಳೆದಂಡೆಯ ಹಾಗೆ. ಮಳೆಯ ನೀರು, ಮೇಲಿನಿಂದ ಬಿದ್ದ ತರಗೆಲೆ, ಇಷ್ಟೇ ಅದರ ಊಟ. ತಾಯಿಯವರು ತೀರ್ಪು ಹೇಳಲಿಲ್ಲ. ಆದರೆ ಬೀದಿಯ ಕಿಟಕಿಯ ಪಕ್ಕದಲ್ಲಿ, ಅವರ ಬೆತ್ತದ ಕುರ್ಚಿಯ ಹತ್ತಿರವೇ, ಹಲಗೆ ತೂಗುಹಾಕಿದ ನಾಲ್ಕು ದಿನಕ್ಕೆ, ತುಳಸಿಗೆರೆದು ತಂಬಿಗೆಯಲ್ಲಿ ಉಳಿದ ನೀರನ್ನು ಅದಕ್ಕೂ ಚಿಮುಕಿಸತೊಡಗಿದರು. ವಾರಕ್ಕೊಮ್ಮೆ ಹಲಗೆಯ ಸಮೇತ ಬಕೆಟ್ಟಿನಲ್ಲಿ ಹತ್ತು ನಿಮಿಷ ಮುಳುಗಿಸುವುದು ನನ್ನ ಪಾಲು. ಕೊಂಬುಗಳು ಕವಲೊಡೆದು ಗೇಣುದ್ದ ಬೆಳೆದವು.

ಯುಗಾದಿ ಬಂತು. ಮನೆಗೆ ಸುಣ್ಣಬಣ್ಣ. ಅಂತಹ ದಿನಗಳಲ್ಲಿ ನನಗೆ ಒಂದು ಆವೇಶ ಬರುತ್ತದೆ; ಹಳೆಯದೆಲ್ಲ ಕಸವಾಗಿ ಕಾಣುತ್ತದೆ. ಕೊಂಬುಗಳ ಮೇಲೆ ಬೂದಿಯಂತೆ ಧೂಳು ಕುಳಿತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ. ಬುಡದಲ್ಲಿ ಕಂದುಬಣ್ಣಕ್ಕೆ ತಿರುಗಿ ಕಾಗದದಂತಾಗಿದ್ದ ದುಂಡನೆಯ ಎಲೆಗಳನ್ನು ಕಿತ್ತು ಬಿಸುಟೆ. ಅದೇ ಉಮೇದಿನಲ್ಲಿ ಹೆಣಿಗೆ ಸಡಿಲಗೊಂಡಿದ್ದ ಬೆತ್ತದ ಕುರ್ಚಿಯನ್ನು ಹಳೇ ಸಾಮಾನಿನವನಿಗೆ ಕೊಟ್ಟು, ತಾಯಿಯವರಿಗೆ ಹೊಚ್ಚಹೊಸ ಪ್ಲಾಸ್ಟಿಕ್ ಕುರ್ಚಿ ತಂದೆ. ಮನೆ ಲಕಲಕಿಸಿತು.

ಹದಿನೈದು ದಿನಕ್ಕೆ ಕೊಂಬುಗಳು ಜೋತುಬಿದ್ದವು. ಮತ್ತೆ ಲಾಲ್‌ಬಾಗಿಗೆ ಓಡಿದೆ. ಅಲ್ಲಿ ವಯಸ್ಸಾದ ಮಾಲಿಯೊಬ್ಬರು ನನ್ನ ಸಾಹಸವನ್ನೆಲ್ಲ ಕೇಳಿ ನಕ್ಕರು.

“ಅದು ಧೂಳಲ್ಲ ಸ್ವಾಮಿ, ಅದರ ರೋಮ. ಎಲೆ ಒಣಗದ ಹಾಗೆ ಕಾಪಾಡೋದೇ ಅದು. ಇನ್ನು ಆ ಒಣ ಎಲೆ ಕಿತ್ತಿರಲ್ಲ, ಗಿಡವನ್ನ ಹಿಡಿದುಕೊಂಡಿದ್ದದ್ದೇ ಅದು.”

ಈ ಗಿಡಕ್ಕೆ ಎಲೆಗಳು ಎರಡು ಬಗೆ. ಕೊಂಬಿನಂಥವು ಬೀಜಕಣ ಹೊರುವುದಕ್ಕೆ. ಗುರಾಣಿಯಂಥ ದುಂಡೆಲೆಗಳು ಮರವನ್ನು ತಬ್ಬಿ, ಬೇರನ್ನು ಮುಚ್ಚಿ, ತೇವ ಕಾಯುವುದಕ್ಕೆ. ಅವು ಹಸುರಾಗಿರುವುದು ಕೆಲವು ಕಾಲ. ಒಣಗಿ ಕಂದಾದ ಮೇಲೂ ಉದುರದೆ ಅದೇ ಕೆಲಸ ಮಾಡುತ್ತಿರುತ್ತವೆ.

ತಲೆ ತಗ್ಗಿಸಿಕೊಂಡು ಮನೆಗೆ ಬಂದೆ. ಹಜಾರದಲ್ಲಿ ತಾಯಿಯವರು ಹೊಸ ಕುರ್ಚಿಯಲ್ಲಿ ಕುಳಿತು ಗೋಡೆ ನೋಡುತ್ತಿದ್ದರು. ಕೆಲವು ದಿನಗಳಿಂದ ಅವರು ಮಾತು ಕಡಿಮೆ ಮಾಡಿದ್ದುದು ಆಗ ಹೊಳೆಯಿತು.

“ಏನಮ್ಮ, ಬೀದಿ ನೋಡ್ತಿಲ್ಲ?”

“ಇದು ತಗ್ಗು ಕಣೋ. ಇದರಲ್ಲಿ ಕೂತರೆ ಕಿಟಕಿ ನನಗಿಂತ ಎತ್ತರ.”

ನಾನೂ ಅದರಲ್ಲಿ ಕುಳಿತು ನೋಡಿದೆ. ಕಂಡದ್ದು ನಾನೇ ಬಳಿಸಿದ ಸುಣ್ಣ. ಸೊಪ್ಪಿನವಳು, ಶಾಲೆಯ ಮಕ್ಕಳು, ಗಾಂಧಿ ಬಜಾರಿಗೆ ಹೋಗುವ ಪರಿಚಿತರು, ಯಾರೂ ಇಲ್ಲ. ಹಳೇ ಸಾಮಾನಿನವನನ್ನು ಮೂರು ದಿನ ಹುಡುಕಿದೆ, ಕುರ್ಚಿ ಸಿಕ್ಕಲಿಲ್ಲ. ಬಡಗಿಯಿಂದ ಗೇಣೆತ್ತರದ ಅಗಲವಾದ ಮಣೆ ಮಾಡಿಸಿ, ಅದರ ಮೇಲೆ ಕೈಯುಳ್ಳ ಮರದ ಕುರ್ಚಿಯೊಂದನ್ನು ಭದ್ರಪಡಿಸಿದೆ. ಬೀದಿ ಮತ್ತೆ ಕಂಡಿತು. ಆದರೆ “ಅದರಷ್ಟು ಹಾಯಾಗಿಲ್ಲ” ಎಂಬುದು ತಾಯಿಯವರ ಅಭಿಪ್ರಾಯ. ನಾನು ಅಪೀಲು ಮಾಡಿಲ್ಲ.

ಗಿಡವನ್ನು ಬೇಸಗೆಯುದ್ದಕ್ಕೂ ಬಚ್ಚಲುಮನೆಯ ಕಿಟಕಿಯಲ್ಲಿ, ಸ್ನಾನದ ಹಬೆಯಲ್ಲಿ ಇಟ್ಟು ಬದುಕಿಸಿದೆವು. ಜೂನಿನ ಮಳೆ ಹಿಡಿದ ಮೇಲೆ, ಬುಡದಲ್ಲಿ ಕಾಸಿನಗಲ ಹಸುರು ಮೂಡಿ, ದಿನದಿನಕ್ಕೆ ಹರಡಿ, ಹಲಗೆಯನ್ನು ತಬ್ಬಿತು. ಈಗ ಅದು ಮತ್ತೆ ಹಜಾರಕ್ಕೆ ಬಂದಿದೆ. ಅಂಚಿನಲ್ಲಿ ಕಂದು ತಿರುಗುತ್ತಿದೆ.

ಮೊನ್ನೆ ನಾನು ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದಾಗ ಎತ್ತರದ ಕುರ್ಚಿಯಿಂದ ಮಾತು ಬಂತು:

“ನೋಡೋದಾದರೆ ನೋಡು. ಕೈ ಮಾತ್ರ ಹಿಂದಕ್ಕೆ ಕಟ್ಟಿಕೋ.”

ಕಟ್ಟಿಕೊಂಡೆ.